ಬರ್ತೀನಿ ಅಂದವಳು

ಆಸ್ಪತ್ರೆಯ ಫೋನಿಗೆ ಉತ್ತರ ಕೊಡುವ ಯಂತ್ರಕ್ಕೆ ಮನುಷ್ಯರ ಮಾತು ಕಲಿಸುವುದು ಅವಳ ಕೆಲಸ. ಕರೆ ಮಾಡಿದವರು ಏನಂದರೆ ಏನರ್ಥ ಎಂದು ಒಂದೊಂದು ಮಾತಿಗೂ ಗುರುತು ಹಾಕಬೇಕು. ಯಂತ್ರದ ದನಿಯೂ ಅವಳದೇ. "ನಿನ್ನ ದನಿ ಅಂದ್ಮೇಲೆ ಇದೂ ನಂಗೆ ತಂಗೀನೇ" ಎಂದಿದ್ದಳು ಅಕ್ಕ. ಆಫೀಸಿನಲ್ಲಿ ಅದಕ್ಕೆ 'ತಂಗಿ' ಎಂಬ ಹೆಸರೇ ನಿಂತುಬಿಟ್ಟಿತು.

ಯಂತ್ರದ ಪರೀಕ್ಷೆಗೆಂದು ಒಂದು ಮಧ್ಯಾಹ್ನ ಆಫೀಸಿಗೆ ಬಂದಿದ್ದ ಅಕ್ಕ, ಮೈಕಿನ ಮುಂದೆ ಕೂತು, ಇಲ್ಲದ ಮಂಡಿನೋವು ಹೇಳಿ ಹೇಳಿ ಅದರ ತಲೆ ತಿಂದಿದ್ದಳು. ಅದಾದ ಹನ್ನೊಂದನೇ ದಿನ ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಹೋಗಿಬಿಟ್ಟಳು.

ಆಮೇಲೆ, ಯಂತ್ರವನ್ನು ಆಸ್ಪತ್ರೆಯ ಫೋನಿಗೆ ಜೋಡಿಸಿದ ದಿನದಿಂದ, ಶುರುವಾಯಿತು. ದಿನಾ ಬೆಳಿಗ್ಗೆ ಎಂಟಕ್ಕೆ ಅವಳ ಮೊಬೈಲಿಗೆ ಯಂತ್ರದ ಕರೆ. ಅವಳದೇ ದನಿ: "ಅಕ್ಕ ಅವರು ಬರ್ತೀನಿ ಅಂದಿದ್ದರು. ಇವತ್ತು ಒಂಬತ್ತಕ್ಕೆ ಬರ್ತಾರಾ?"

ಪರೀಕ್ಷೆಯ ಕರೆ ತಪ್ಪಿ ನಿಜವಾದ ಪಟ್ಟಿಗೆ ಸೇರಿಹೋಗಿತ್ತು. ಅಕ್ಕನ ಹೆಸರಿನ ಮುಂದೆ ಅವಳು ತನ್ನದೇ ನಂಬರು ಕೊಟ್ಟಿದ್ದಳು. ಮೊದಲ ದಿನ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಹೂಂ, ಬರ್ತಾಳೆ" ಎಂದಳು. ಬರದವರನ್ನು ಯಂತ್ರ ಮರುದಿನಕ್ಕೆ ಬರೆದುಕೊಳ್ಳುತ್ತಿತ್ತು. ಮರುದಿನವೂ ಹೂಂ. ಸುಳ್ಳೇಕೆ, ಆ ಕರೆಗಾಗಿ ಅವಳು ಕಾಯುತ್ತಿದ್ದಳು.

ಒಂದು ದಿನ ಗೊಣಗಪ್ಪ ಬಂದ. ಮೇಲಧಿಕಾರಿ, ಗೊಣಗದಿದ್ದರೆ ಅವನಿಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ.

"ಏನಮ್ಮಾ, ನಿನ್ನ ತಂಗಿಗೆ ತಲೆ ಕೆಟ್ಟಿದ್ಯಾ? ಫೋನಿಡೋವಾಗ ಎಲ್ರೂ ಬರ್ತೀನಿ ಅಂತಾರೆ. ಇವಳು ಅವರಿಗೆಲ್ಲ ಡಾಕ್ಟರ ಸಮಯ ಬರ್ಕೊಂಡು ಕೂತಿದಾಳೆ! ನಿನ್ನೆ ಜ್ವರದ ಮಗು ಎತ್ಕೊಂಡು ಬಂದ ತಾಯಿಗೆ, ಒಂಬತ್ತು ಗಂಟೆ ಖಾಲಿ ಇಲ್ಲ ಅಂತ ವಾಪಸ್ ಕಳಿಸಿದ್ರಂತೆ. ನೋಡಿದ್ರೆ ಒಂಬತ್ತಕ್ಕೆ ಯಾರೂ ಬರ್ಲೇ ಇಲ್ಲ. ಇವತ್ತೇ ಸರಿಮಾಡು."

ಒಂಬತ್ತು ಗಂಟೆ ಯಾರದೆಂದು ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಕ್ಕನ ದನಿಮುದ್ರಣ ತೆರೆಯುವ ಧೈರ್ಯ ಅವಳಿಗೆ ಅಂದಿನವರೆಗೆ ಬಂದಿರಲಿಲ್ಲ. ಬಾಗಿಲು ಹಾಕಿಕೊಂಡು ಕೇಳಿದಳು. ಮಂಡಿನೋವು, ನಗು, ಒಂದು ಕೆಮ್ಮು. ಕೊನೆಗೆ: "ಸರಿ ಕಣೇ, ಬರ್ತೀನಿ." ಮೌನ. "ಬರ್ತೀನಿ ಅಂದೆ." ಮತ್ತೆ ಮೌನ. ಕುರ್ಚಿ ಸರಿದ ಸದ್ದು.

ಯಂತ್ರಕ್ಕೆ ಹೇಳಿದ್ದಲ್ಲ ಅದು. ಪಕ್ಕದಲ್ಲೇ ಕೂತು ಪರದೆ ನೋಡುತ್ತಿದ್ದ ತಂಗಿಗೆ ಹೇಳಿದ್ದು. ಅವಳು ತಲೆಯೆತ್ತಿರಲೇ ಇಲ್ಲ. ಒಂದೇ ಮಾತು ಎರಡು ಸಲ ಬಂದರೆ ಖಚಿತ ಎಂಬ ನಿಯಮ ಬರೆದವಳೂ ಅವಳೇ. ಮಾಡಿದ್ದುಣ್ಣೋ ಮಹರಾಯ. ಯಂತ್ರ ಅಕ್ಕನನ್ನು ನಂಬಿ ಕಾಯುತ್ತಿತ್ತು.

ಅಳು ಬಂತು, ಅತ್ತಳು. ಆಮೇಲೆ 'ಬರುತ್ತಾರೆ' ಎಂಬ ಗುರುತು ಅಳಿಸಿ 'ಹೊರಟರು' ಎಂದು ಹಾಕಿದಳು. ಯಂತ್ರ ಕೊಡಬೇಕಾದ ಉತ್ತರದ ಜಾಗದಲ್ಲಿ 'ಹೋಗಿ ಬನ್ನಿ' ಎಂದು ಬರೆದಳು. ಸರಿಹೋಯಿತೇ ಎಂದು ನೋಡಲು ಅದೇ ಮುದ್ರಣವನ್ನು ಯಂತ್ರಕ್ಕೆ ಕೇಳಿಸಿದಳು.

"ಸರಿ ಕಣೇ, ಬರ್ತೀನಿ."

"ಹೋಗಿ ಬನ್ನಿ" ಎಂದಿತು ಅವಳದೇ ದನಿ, ಗುರುತಿಲ್ಲದವರಿಗೆ ಹೇಳುವ ಹಾಗೆ. ಯಂತ್ರದ ಪಾಲಿಗೆ ಕರೆ ಮುಗಿಯಿತು. ಮುದ್ರಣ ಮಾತ್ರ ಓಡುತ್ತಲೇ ಇತ್ತು.

"ಬರ್ತೀನಿ ಅಂದೆ."

ಈ ಸಲ ಅವಳು ಪರದೆಯಿಂದ ಕಣ್ಣು ಕಿತ್ತು, ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿದಳು.

"ಹೋಗಿ ಬಾ ಅಕ್ಕಾ" ಎಂದಳು.

ಕುರ್ಚಿ ಸರಿದ ಸದ್ದಾಯಿತು.