ಹನ್ನೊಂದು ದಿನದ ಸೂತಕ

ಚಟ್ಟ ಕಟ್ಟಲೆಂದು ಅಂಗಳಕ್ಕೆ ತಂದು ಹಾಕಿದ್ದ ಬಿದಿರಿನ ಗಳಗಳನ್ನು ಕೋದಂಡರಾಮಪ್ಪ ಎತ್ತಿ ಮತ್ತೆ ಕೊಟ್ಟಿಗೆಯ ಗೋಡೆಗೆ ಒರಗಿಸಿಬಿಟ್ಟ. ಹಗ್ಗದ ಗಂಟು ಬಿಡಿಸುತ್ತಿದ್ದ ನೆರೆಮನೆಯವರು ಕೈ ನಿಲ್ಲಿಸಿದರು. ಬಾಗಿಲಲ್ಲಿ ನಿಂತಿದ್ದ ದೊಡ್ಡಗಂಗಮ್ಮ ಅಂಗಳಕ್ಕೆ ಇಳಿದಳು.

"ಯಾಕಪ್ಪ ಕೋದಂಡ, ಬಿದಿರು ಯಾಕೆ ತೆಗ್ದೆ?"

"ಒಂದು ಚಾಪೆ ಕೊಡಕ್ಕ, ಸಾಕು." ಅವನು ಅವಳ ಮುಖ ನೋಡದೆ ಹೇಳಿದ. "ಮದುವೆ ಆದೋನಲ್ಲ, ಬುದ್ಧಿ ಬೆಳೆದೋನಲ್ಲ. ಮಕ್ಕಳಿಗೆ ಮಾಡೋ ಹಂಗೆ ಮಾಡ್ಬಿಡೋಣ."

ಒಳಗೆ ನಡುಮನೆಯಲ್ಲಿ ಮಲಗಿಸಿದ್ದ ಪೆದ್ದಪ್ಪ ಅವಳ ತಮ್ಮ. ನಲವತ್ತು ದಾಟಿದವನು, ಕಿವಿಯ ಪಕ್ಕದ ಕೂದಲು ನರೆತಿತ್ತು. ಹಿಂದಿನ ಸಂಜೆ ಶಿವಾರಪಟ್ಟಣದ ಕಲ್ಲುಕೆಲಸದಿಂದ ಎಂದಿನಂತೆ ನಡೆದು ಬಂದು, ಮುದ್ದೆ ಉಂಡು, ಎದೆ ಮುಟ್ಟಿಕೊಂಡು ಗೋಡೆಗೊರಗಿ ಕೂತಿದ್ದ. ಇವನ ಗುಂಡಿಗೆ ಹುಟ್ಟಿದಾಗಿನಿಂದಲೂ ಸರಿಯಿಲ್ಲ ಎಂದು ಮಾಲೂರಿನ ಡಾಕ್ಟರು ಹಿಂದೊಮ್ಮೆ ಹೇಳಿದ್ದರು. ಸುದ್ದಿ ಕೇಳಿದ ಕೂಡಲೇ ಓಡಿ ಬಂದು ಗಾಡಿ ಕಟ್ಟಿದವನು ಇದೇ ಕೋದಂಡರಾಮಪ್ಪ. ಗಾಡಿ ಊರ ಮುಂದಿನ ಕೆರೆ ಏರಿ ಹತ್ತುವ ಮೊದಲೇ ಪೆದ್ದಪ್ಪನ ಉಸಿರು ನಿಂತುಹೋಗಿತ್ತು.

ಕೋದಂಡರಾಮಪ್ಪ ಅವರ ಚಿಕ್ಕಪ್ಪನ ಮಗ. ಪೆದ್ದಪ್ಪನಿಗಿಂತ ಒಂದು ವರ್ಷ ಚಿಕ್ಕವನಾದರೂ ಅವನನ್ನು ಅಣ್ಣ ಎಂದು ಕರೆದವನಲ್ಲ. ಊರಿಗೆಲ್ಲ ಹೇಗೋ ಅವನಿಗೂ ಹಾಗೇ, 'ಲೇ ಪೆದ್ದ'. ಈಗ ಮನೆತನದಲ್ಲಿ ಉಳಿದ ಗಂಡಸು ಅವನೊಬ್ಬನೇ. ಮಣ್ಣು ಮಾಡುವ ಕೆಲಸ ಹೇಗೆ ನಡೆಯಬೇಕು ಎನ್ನುವುದು ಅವನ ಮಾತಿನ ಮೇಲೆ ನಿಂತಿತ್ತು.

ಅವನ ಮನಸ್ಸಿನಲ್ಲಿ ಏನಿದೆ ಎಂದು ದೊಡ್ಡಗಂಗಮ್ಮನಿಗೆ ತಿಳಿಯದೆ ಇರಲಿಲ್ಲ. ಮಕ್ಕಳು ಸತ್ತರೆ ಚಾಪೆಯಲ್ಲಿ ಸುತ್ತಿ ಕೈಮೇಲೆ ಎತ್ತಿಕೊಂಡು ಹೋಗಿ ಹೂಳುತ್ತಾರೆ. ಚಟ್ಟವಿಲ್ಲ, ತಮಟೆಯಿಲ್ಲ, ಮೂರನೆಯ ದಿನಕ್ಕೆ ಸೂತಕ ಕಳೆಯುತ್ತದೆ. ದೊಡ್ಡವರು ಹೋದರೆ ಸೂತಕ ಹನ್ನೊಂದು ದಿನ. ದಾಯಾದಿಯಾದವನು ಮಣ್ಣಿನ ದಿನವೇ ತಲೆಮೀಸೆ ಬೋಳಿಸಿಕೊಳ್ಳಬೇಕು. ಕೋದಂಡರಾಮಪ್ಪನ ಮಗಳು ಶ್ಯಾಮಲೆಯ ಮದುವೆ ಬರುವ ವಾರವೇ ಇತ್ತು. ಬೀಗರು ಮುಳಬಾಗಿಲಿನವರು, ಅನುಕೂಲಸ್ಥರು, ಒಮ್ಮೆ ಲಗ್ನ ಮುಂದಕ್ಕೆ ಹಾಕಿ ಎಲ್ಲರನ್ನೂ ಹೆದರಿಸಿದ್ದವರು. ಅವರು ಹೆಣ್ಣು ನೋಡಲು ಬಂದ ದಿನ ಕೋದಂಡರಾಮಪ್ಪ ಬೆಳಗ್ಗೆಯೇ ಬಂದು, ಪೆದ್ದಪ್ಪ ಅವರ ಕಣ್ಣಿಗೆ ಬೀಳದಂತೆ ನೋಡಿಕೊ ಎಂದು ದೊಡ್ಡಗಂಗಮ್ಮನನ್ನು ಬೇಡಿಕೊಂಡಿದ್ದ. ಮನೆತನದಲ್ಲಿ ಇಂಥವನೊಬ್ಬ ಇದ್ದಾನೆಂದು ತಿಳಿದರೆ ಹುಟ್ಟುವ ಮಕ್ಕಳ ಬಗ್ಗೆ ಅನುಮಾನ ಪಡುತ್ತಾರೆ ಎನ್ನುವ ಭಯ. ನೋಡಿಕೊಳ್ಳುವ ಅಗತ್ಯವೇ ಬರಲಿಲ್ಲ. ಪೆದ್ದಪ್ಪ ಅಷ್ಟು ಹೊತ್ತಿಗೆ ಕೆಲಸಕ್ಕೆ ಹೋಗಿಯಾಗಿತ್ತು.

"ಕಲ್ಲುಕೆಲ್ಸದ ಆಚಾರ್ರಿಗೆ ಹೇಳೋಕೆ ಪಕ್ಕದ್ಮನೆ ಆಂಜಿನಪ್ಪ ಹೋಗವ್ನೆ. ಅವ್ರು ಬರ್ಲಿ," ಅಂದಳು.

"ಬಂದ್ರೆ ಬರ್ಲಿ. ಗುಣಿ ತೋಡೋದು ಮುಗೀತಾ ಬಂತು."

ಅವಳು ಒಳಗೆ ಹೋಗಿ ಮೂಲೆಯಲ್ಲಿದ್ದ ಚಾಪೆ ತಂದು ಬಾಗಿಲಿಗೆ ಅಡ್ಡವಾಗಿ ಹಾಸಿ ಅದರ ಮೇಲೆ ಕೂತುಬಿಟ್ಟಳು. ಮನೆಯಲ್ಲಿದ್ದದ್ದು ಅದೊಂದೇ ಚಾಪೆ.

*

ಮದುವೆಯಾದ ಮೂರನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ದೊಡ್ಡಗಂಗಮ್ಮ ತವರಿಗೆ ಬಂದಾಗ ತಾಯಿ ಹಾಸಿಗೆ ಹಿಡಿದಿದ್ದಳು. ಪೆದ್ದಪ್ಪ ಆಗಲೇ ಮೀಸೆ ಚಿಗುರಿದ ಹುಡುಗ. ಮಾತು ನಾಲ್ಕಾರು ಬರುತ್ತಿದ್ದವು. ಹಸಿವಾದರೆ ಹೇಳುತ್ತಿರಲಿಲ್ಲ, ನೋವಾದರೆ ತೋರಿಸುತ್ತಿರಲಿಲ್ಲ. ಗಿಡ್ಡ ಮೇಲ್ತುಟಿಯ ಬಾಯಿ ಸದಾ ಅರೆ ತೆರೆದೇ ಇರುತ್ತಿತ್ತು; ಗಲ್ಲಕ್ಕಿಳಿದ ಜೊಲ್ಲನ್ನು ಅವಳೇ ಸೆರಗಿನಿಂದ ಒರೆಸುತ್ತಿದ್ದಳು. ಯಾರು ಕರೆದರೂ ಅವರ ಹಿಂದೆ ಹೊರಟುಬಿಡುತ್ತಿದ್ದ. ತಾಯಿ ಸಾಯುವಾಗ ಮಗಳ ಕೈ ಹಿಡಿದುಕೊಂಡು ಅವನ ಕಡೆ ನೋಡಿದಳು.

ಅಂದಿನಿಂದ ದೊಡ್ಡಗಂಗಮ್ಮನಿಗೆ ಒಂದೇ ಚಿಂತೆ. ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗಬೇಕು, ಹುಳಕ್ಕೆ ಹಾಕಬೇಕು. ಇವನನ್ನು ಯಾರ ಬಳಿ ಬಿಡುವುದು? ನಡುಮನೆಯ ಕಂಬಕ್ಕೆ ಸೊಂಟದಿಂದ ಹಗ್ಗ ಕಟ್ಟಿ ಹೋಗುತ್ತಿದ್ದಳು. ತೋಟದಲ್ಲಿದ್ದಷ್ಟು ಹೊತ್ತೂ ಹಗ್ಗ ಕುತ್ತಿಗೆಗೆ ಸುತ್ತಿಕೊಂಡಂತೆ, ಬಾವಿಗೆ ಬಿದ್ದಂತೆ ಕಣ್ಣಿಗೆ ಕಟ್ಟುತ್ತಿತ್ತು. ಬಂದು ನೋಡಿದರೆ ಅವನು ಕೈಗೆ ಸಿಕ್ಕ ಕಲ್ಲಿನಿಂದ ನೆಲದ ಚಪ್ಪಡಿಯನ್ನು ಉಜ್ಜುತ್ತಾ ಕೂತಿರುತ್ತಿದ್ದ. ಬೆಳಗಿನಿಂದ ಬೈಗಿನವರೆಗೆ ಒಂದೇ ಜಾಗ. ಚಪ್ಪಡಿಯಲ್ಲಿ ಕನ್ನಡಿಯಂಥ ಹೊಳಪು ಬಂದಿತ್ತು.

ಎಪ್ಪತ್ತೊಂದನೆಯ ಇಸವಿಯ ಸುಮಾರಿಗೆ ಅವಳು ಶಿವಾರಪಟ್ಟಣದ ಶಿಲ್ಪಿಗಳ ಬೀದಿಗೆ ಮಜ್ಜಿಗೆ ಮಾರಲು ಹೋಗತೊಡಗಿದಳು. ಒಂದು ದಿನ ಕಟ್ಟಿಹಾಕಲು ಮನಸ್ಸಾಗದೆ ಅವನನ್ನೂ ಕರೆದೊಯ್ದಳು. ಚನ್ನರಾಯಾಚಾರಿಯ ಶೆಡ್ಡಿನ ಮುಂದೆ ಅರ್ಧ ಮುಗಿದ ನಂದಿಯೊಂದು ಕೂತಿತ್ತು. ಪೆದ್ದಪ್ಪ ಅದರ ಬೆನ್ನ ಮೇಲೆ ಅಂಗೈ ಇಟ್ಟು ಅಲ್ಲೇ ನಿಂತುಬಿಟ್ಟ. ಎಳೆದರೂ ಬರಲಿಲ್ಲ. ಆಚಾರಿ ಸ್ವಲ್ಪ ಹೊತ್ತು ನೋಡಿ, ಒಂದು ಉಜ್ಜುವ ಕಲ್ಲನ್ನು ನೀರಿನಲ್ಲಿ ಅದ್ದಿ ಅವನ ಕೈಗೆ ಕೊಟ್ಟ. ನೀನು ಮಜ್ಜಿಗೆ ಮಾರಿಕೊಂಡು ಬಾ, ಇವನು ಇಲ್ಲೇ ಇರಲಿ ಎಂದ.

ಅವತ್ತು ಅವಳು ಮಜ್ಜಿಗೆ ಅಳೆದದ್ದೂ ನೆನಪಿಲ್ಲ, ಬೀದಿ ಸುತ್ತಿದ್ದೂ ನೆನಪಿಲ್ಲ. ಸುತ್ತಿಗೆ ಕೈಮೇಲೆ ಬಿದ್ದಿರಬಹುದು, ಚೂರು ಕಣ್ಣಿಗೆ ಹಾರಿರಬಹುದು ಎನ್ನುತ್ತಾ ಓಡಿ ಬಂದಳು. ಪೆದ್ದಪ್ಪ ಮೊಣಕೈವರೆಗೆ ಒದ್ದೆಯಾಗಿ ನಂದಿಯ ಬೆನ್ನು ಉಜ್ಜುತ್ತಿದ್ದ. ಅವಳು ಬಂದದ್ದನ್ನು ಅವನು ತಲೆಯೆತ್ತಿಯೂ ನೋಡಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಅವಳ ಸೆರಗು ಹಿಡಿದು ಎಳೆದು, ಅವಳು ಅದುವರೆಗೆ ಅವನ ಬಾಯಲ್ಲಿ ಕೇಳಿರದ ಮಾತೊಂದನ್ನು ಹೇಳಿದ. ಆಚಾರಿಯೇ ಹೇಳಿಕೊಟ್ಟಿರಬೇಕು.

"ನಾಳೆ ಕೆಲ್ಸ ಐತೆ."

*

ಸೈಕಲ್ಲಿನಲ್ಲಿ ಹೋಗಿದ್ದ ಆಂಜಿನಪ್ಪ ಬಿಸಿಲೇರುವ ಹೊತ್ತಿಗೆ ಒಬ್ಬನೇ ಬಂದ. ಸುದ್ದಿ ಮುಟ್ಟಿಸಿದ್ದಾಗಿ ಹೇಳಿದ. ಶೆಡ್ಡಿನ ಮುಂದೆ ಸೇಲಂ ಕಡೆಯ ಲಾರಿ ನಿಂತಿದೆ, ವಿಗ್ರಹ ಏರಿಸುತ್ತಿದ್ದಾರೆ, ಆಚಾರ್ರು ಕೇಳಿಸಿಕೊಂಡರು, ಆದರೆ ಬರುತ್ತೇವೆಂದಾಗಲಿ ಬರುವುದಿಲ್ಲವೆಂದಾಗಲಿ ಏನೂ ಅನ್ನಲಿಲ್ಲ ಎಂದ.

ಅಂಗಳದಲ್ಲಿ ಕೂತಿದ್ದ ಸೋದರತ್ತೆ ದೊಡ್ಡಮುನಿಯಮ್ಮ ಎಲೆ ಅಡಿಕೆ ಅಗಿಯುತ್ತಾ, ಆ ಕಲ್ಲಿನ ಧೂಳೇ ಇವನ ಎದೆಗೆ ಕೂತದ್ದು, ಕಂಬಕ್ಕೆ ಕಟ್ಟಿದ್ದರೂ ಇನ್ನು ಹತ್ತು ವರ್ಷ ಬದುಕುತ್ತಿದ್ದ ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ದೊಡ್ಡಗಂಗಮ್ಮ ಆ ಮಾತನ್ನೇ ಹಿಡಿದುಕೊಂಡಳು. ಡಾಕ್ಟರು ಹೇಳಿದ್ದು ಹುಟ್ಟಿನಿಂದ ಬಂದ ದೋಷ ಎಂದು. ಆದರೆ ಅವನು ಮನೆಯಲ್ಲೇ ಇದ್ದಿದ್ದರೆ?

ಕೋದಂಡರಾಮಪ್ಪ ಹೆಂಡತಿ ಭಾರತಮ್ಮನನ್ನು ಕರೆದು ಏನೋ ಹೇಳಿದ. ಅವಳು ಸರಸರನೆ ತನ್ನ ಮನೆಯ ಕಡೆ ಹೋದಳು. ಚಾಪೆ ತರಲು ಹೋದಳೆಂದು ಎಲ್ಲರಿಗೂ ಗೊತ್ತಾಯಿತು. ದೊಡ್ಡಗಂಗಮ್ಮ ಕೂತಲ್ಲಿಂದ ಏಳಲಿಲ್ಲ. ಕಣ್ಣು ಮಾತ್ರ ಶಿವಾರಪಟ್ಟಣದ ದಾರಿಯ ಮೇಲೆ ಇತ್ತು. ದಾರಿ ಬರಿದಾಗಿತ್ತು.

*

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಪೆದ್ದಪ್ಪ ಮೆದು ಬಳಪದ ಕಲ್ಲಿನ ಪುಟ್ಟ ದೇವಿಯ ಮೂಗನ್ನು ಉಜ್ಜಿ ಅಳಿಸಿಹಾಕಿದ. ಕೆನ್ನೆ ನುಣುಪು ಮಾಡು ಎಂದು ಕೂರಿಸಿ ಆಚಾರಿ ಊಟಕ್ಕೆ ಹೋಗಿದ್ದ. ಬಂದು ನೋಡುವಾಗ ಕೆನ್ನೆ, ಮೂಗು, ತುಟಿ ಎಲ್ಲಾ ಒಂದೇ ಸಮ. ಉಳಿದ ಶಿಲ್ಪಿಗಳು ಅವನನ್ನು ಬೀದಿಗೆ ತಳ್ಳಿದರು. ದೊಡ್ಡಗಂಗಮ್ಮ ಓಡಿ ಬಂದು ಕೈಮುಗಿದು, ನಾಳೆಯಿಂದ ಕರೆತರುವುದಿಲ್ಲ ಎಂದಳು. ಆದರೆ ಮಾರನೆಯ ದಿನ ಪೆದ್ದಪ್ಪ ನಸುಕಿಗೇ ಎದ್ದು ಒಬ್ಬನೇ ಹೊರಟುಹೋದ. ಹಿಂದೆಯೇ ಓಡಿದ ಅವಳಿಗೆ ಶೆಡ್ಡಿನ ಮುಂದೆ ಅವನನ್ನು ಒದ್ದು ಓಡಿಸುತ್ತಿರುತ್ತಾರೆ ಎನ್ನುವ ಭಯ.

ಯಾರೂ ಒದೆಯಲಿಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ನಾನು ಇವನಿಗೆ ಹೇಳಿರಲಿಲ್ಲ ಎಂದಷ್ಟೇ ಆಚಾರಿ ಹೇಳಿದ. ಅಂದಿನಿಂದ ಆಮೆಗಳ ಕೆಲಸ ಅವನದಾಯಿತು. ಗುಡಿಗಳ ಮುಂದೆ ನೆಲಕ್ಕೆ ಕೂರಿಸುವ ಕಲ್ಲಿನ ಆಮೆ. ಆಚಾರಿ ತಲೆ, ಕಾಲು ಬಿಡಿಸಿ ಕೊಡುತ್ತಿದ್ದ, ಬೆನ್ನು ಪೆದ್ದಪ್ಪನಿಗೆ. ಎಷ್ಟು ಉಜ್ಜಿದರೂ ಕೆಡುವಂಥದ್ದು ಅದರಲ್ಲಿರಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಅವನು ಯಾರೂ ಹೇಳದೆಯೇ ಉಳಿ ಎತ್ತಿಕೊಂಡು ಬೆನ್ನ ಮೇಲೆ ಗೆರೆ ಕೊರೆಯತೊಡಗಿದ. ಆಮೆಯ ಬೆನ್ನಿಗೆ ಇರುವ ಚೌಕಗಳಲ್ಲ. ನಡುವಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ಅಂಚಿಗೆ ಬರುವ ಒಂದೇ ಗೆರೆ. ಶಿಲ್ಪಿಗಳು ನಕ್ಕರು. ದೊಡ್ಡಗಂಗಮ್ಮನಿಗೆ ನೋಡಿದೊಡನೆ ಗೊತ್ತಾಯಿತು. ಮನೆಯಲ್ಲಿ ರೇಷ್ಮೆಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯ ಸುತ್ತು ಅದು. ಆಚಾರಿ ಆ ಗೆರೆಯನ್ನು ಉಜ್ಜಿ ಹಾಕಲು ಹೊರಟವನು ಸುಮ್ಮನಾದ. ಆಮೇಲೆ ಕೊಳ್ಳಲು ಬಂದವರು, ಸುರುಳಿ ಇರುವ ಆಮೆಯೇ ಬೇಕು ಎನ್ನತೊಡಗಿದರು. ಶ್ರೀನಿವಾಸಪುರದ ಕಡೆಯ ಗುಡಿಗಳಿಗೂ ಹೋದವು.

ಇಷ್ಟಾದರೂ ದೊಡ್ಡಗಂಗಮ್ಮನ ಅಂಜಿಕೆ ಹೋಗಲಿಲ್ಲ. ದಿನಾ ಸಂಜೆ ಅವನು ದಾರಿಯ ತಿರುವಿನಲ್ಲಿ ಕಾಣುವವರೆಗೂ ಅವಳು ಹಿತ್ತಿಲಿಗೂ ಬಾಗಿಲಿಗೂ ಓಡಾಡುತ್ತಿದ್ದಳು. ನಾನು ಹೋದ ಮೇಲೆ ಇವನ ಗತಿಯೇನು ಎನ್ನುವುದೊಂದು ಚಿಂತೆ ಬೇರೆ. ಇವನು ಮೊದಲು ಹೋಗುತ್ತಾನೆ ಎಂದು ಮಾತ್ರ ಅವಳು ಯಾವತ್ತೂ ಅಂದುಕೊಂಡಿರಲಿಲ್ಲ.

*

ಭಾರತಮ್ಮ ಹೊಸ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವುದಕ್ಕೂ ಶಿಲ್ಪಿಗಳ ಗುಂಪು ಅಂಗಳಕ್ಕೆ ಕಾಲಿಡುವುದಕ್ಕೂ ಸರಿಹೋಯಿತು. ಕೆಲಸದ ಬಟ್ಟೆಯಲ್ಲೇ ಬಂದಿದ್ದರು, ಹುಬ್ಬಿನ ಮೇಲೆಲ್ಲ ಕಲ್ಲಿನ ಪುಡಿ. ಮುಂದೆ ಚನ್ನರಾಯಾಚಾರಿ, ಈಗ ಮುದುಕ. ಲಾರಿಯವನು ಕಾಯುತ್ತಿದ್ದಾನೆ, ಕಾಯಲಿ ಎಂದು ಯಾರಿಗೋ ಹೇಳುತ್ತಾ ಬಂದ. ದೊಡ್ಡಗಂಗಮ್ಮ ಚಾಪೆಯ ಒಂದು ಬದಿಗೆ ಸರಿದು ದಾರಿ ಬಿಟ್ಟಳು. ಆಚಾರಿ ಒಳಗೆ ಹೋಗಿ ಪೆದ್ದಪ್ಪನ ಪಕ್ಕ ಸ್ವಲ್ಪ ಹೊತ್ತು ಕೂತಿದ್ದು ಹೊರಗೆ ಬಂದ. ಗೋಡೆಗೊರಗಿಸಿದ್ದ ಬಿದಿರನ್ನೂ ಭಾರತಮ್ಮನ ಕೈಯಲ್ಲಿದ್ದ ಚಾಪೆಯನ್ನೂ ನೋಡಿದ. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕೋದಂಡರಾಮಪ್ನೋರೆ, ನಿಮ್ಮನೆ ಪದ್ಧತಿ ನಾನು ಕೇಳಲ್ಲ. ಸೂತಕ ಎಷ್ಟು ದಿನ ಅನ್ನೋದು ನಿಮಗೆ ಬಿಟ್ಟಿದ್ದು. ಆದ್ರೆ ನನ್ನ ಹತ್ರ ಕೆಲಸ ಮಾಡ್ತಿದ್ದೋನು ಮಗು ಅಲ್ಲ. ಮಗುಗೆ ನಾನು ಉಳಿ ಕೊಡ್ತಿರಲಿಲ್ಲ."

"ನಿಮಗೆ ಗೊತ್ತಿಲ್ಲ ಆಚಾರ್ರೆ." ಕೋದಂಡರಾಮಪ್ಪ ಒಂದು ಹೆಜ್ಜೆ ಮುಂದೆ ಬಂದ. "ಮನೇಲಿ ಮದುವೆ ಐತೆ."

"ಗೊತ್ತು. ಪೆದ್ದಪ್ಪನೇ ಹೇಳ್ದ. ಶ್ಯಾಮಿ ಮದುವೆ, ರಜ ಬೇಕು ಅಂತ. ಇಷ್ಟು ವರ್ಷದಲ್ಲಿ ಅವನು ರಜ ಕೇಳಿದ್ದು ಅದೊಂದೇ ಸಲ."

ಪೆದ್ದಪ್ಪನನ್ನು ಮದುವೆಗೆ ಯಾರೂ ಕರೆದಿರಲಿಲ್ಲ. ಬೀಗರ ಎದುರಿಗೆ ಅವನು ಬರಬಾರದೆಂದು, ಅವನನ್ನು ನೋಡಿಕೊಳ್ಳಲು ದೊಡ್ಡಗಂಗಮ್ಮನೂ ಮನೆಯಲ್ಲೇ ಉಳಿಯುವುದೆಂದು ಮಾತಾಗಿತ್ತು. ಅವನು ಯಾರ ಬಾಯಿಂದ ಕೇಳಿಸಿಕೊಂಡನೋ, ಯಾವಾಗ ಅರ್ಥಮಾಡಿಕೊಂಡನೋ, ಅವಳಿಗೂ ಗೊತ್ತಿರಲಿಲ್ಲ. ಹೆಂಗಸರ ನಡುವೆ ನಿಂತಿದ್ದ ಶ್ಯಾಮಲೆ ಅಪ್ಪನ ಕಡೆ ನೋಡಿದಳು.

ಕೋದಂಡರಾಮಪ್ಪ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಆಮೇಲೆ ಗೋಡೆಯ ಬಳಿ ಹೋಗಿ ಬಿದಿರಿನ ಗಳಗಳನ್ನು ತಾನೇ ತಂದು ಅಂಗಳದ ನಡುವೆ ಹಾಕಿದ.

"ಆಂಜಿನಪ್ಪ, ನೀನು ಮುಳಬಾಗಿಲಿನ ಬಸ್ಸು ಹಿಡಿ," ಎಂದ. "ಬೀಗರಿಗೆ ಹೇಳು, ನಮ್ಮಣ್ಣ ತೀರ್ಕೊಂಡ ಅಂತ. ಹನ್ನೊಂದು ದಿನ ಕಳೆದ ಮೇಲೆ ನಾನೇ ಬಂದು ಮಾತಾಡ್ತೀನಿ."

ಆಂಜಿನಪ್ಪ ತಡವರಿಸಿದ. "ಯಾವ ಅಣ್ಣ, ನಮಗೆ ಹೇಳೇ ಇರಲಿಲ್ಲ ಅಂದ್ರೆ?"

"ಇದ್ದಿದ್ದು ಒಬ್ಬನೇ. ಹೆಂಗಿದ್ದ ಅಂತ ಕೇಳಿದ್ರೆ ಅದನ್ನೂ ಹೇಳು."

ಭಾರತಮ್ಮ ಚಾಪೆಯೊಂದಿಗೆ ಅಲ್ಲೇ ಕುಸಿದು ಕೂತು ಬಾಯಿಗೆ ಸೆರಗು ಒತ್ತಿಕೊಂಡಳು. ದೊಡ್ಡಗಂಗಮ್ಮ ಬೆಳಗಿನಿಂದ ಯಾವುದಕ್ಕೆ ಹಟ ಹಿಡಿದು ಕೂತಿದ್ದಳೋ ಅದು ಕೈಗೆ ಸಿಕ್ಕಿದಾಗ ಅವಳಿಗೆ ಸಮಾಧಾನವಾಗಲಿಲ್ಲ, ಹೆದರಿಕೆಯಾಯಿತು. ಬೀಗರು ಬೇಡವೆಂದುಬಿಟ್ಟರೆ? ಆ ಹುಡುಗಿಯ ಬಾಳಿಗೆ ನಾನು ಕಲ್ಲು ಹಾಕಿದಂತಾಯಿತೇ? ಎದ್ದು ಹೋಗಿ, ಬೇಡಪ್ಪ ಚಾಪೆಯೇ ಸಾಕು ಎಂದು ಹೇಳಿಬಿಡಲೇ ಎನ್ನಿಸಿತು. ಅಷ್ಟರಲ್ಲಿ ಶಿಲ್ಪಿಗಳು ಕೂತು ಹಗ್ಗ ಬಿಗಿಯತೊಡಗಿದ್ದರು.

ಚಟ್ಟಕ್ಕೆ ಮುಂದೆ ಕೋದಂಡರಾಮಪ್ಪ ಹೆಗಲು ಕೊಟ್ಟ, ಉಳಿದ ಕಡೆ ಶೆಡ್ಡಿನವರು. ತಮಟೆಯವರು ತಡವಾಗಿ ಬಂದರೂ ಬಂದರು. ಮನೆಯ ಹಿಂದಿನ ಹೊಲದಲ್ಲಿ, ತಾಯಿಯ ಸಮಾಧಿಯ ಪಕ್ಕ ಮಣ್ಣು ಮಾಡಿದರು. ಆಚಾರಿ ಮೂರು ಹಿಡಿ ಮಣ್ಣು ಹಾಕಿ, ಯಾರಿಗೂ ಹೇಳದೆ, ಲಾರಿ ಕಾಯುತ್ತಿದ್ದ ಕಡೆಗೆ ನಡೆದ.

ಎಲ್ಲ ಮುಗಿದ ಮೇಲೆ ಕೋದಂಡರಾಮಪ್ಪ ಬಾವಿಕಟ್ಟೆಯ ಮೇಲೆ ಕೂತು ಕ್ಷೌರಿಕನ ಮುಂದೆ ತಲೆ ತಗ್ಗಿಸಿದ. ಕೂದಲು ಬಿತ್ತು, ಮೀಸೆಯೂ ಬಿತ್ತು. ಶ್ಯಾಮಲೆ ಯಾರೂ ಹೇಳದಿದ್ದರೂ ಬಾವಿಯಿಂದ ನೀರು ಸೇದಿ ತಂದು ಅಪ್ಪನ ಬೋಳುತಲೆಯ ಮೇಲೆ ಸುರಿದಳು. ಅವನು ಕಣ್ಣು ಮುಚ್ಚಿಕೊಂಡೇ ಮುಖ ಎತ್ತಿದ.

ಮೀಸೆಯಿಲ್ಲದ ಆ ಗಿಡ್ಡ ಮೇಲ್ತುಟಿ, ಅರೆ ತೆರೆದ ಬಾಯಿ, ಗಲ್ಲದಿಂದ ತೊಟ್ಟಿಕ್ಕುವ ನೀರು. ದೊಡ್ಡಗಂಗಮ್ಮ ಅವನ ಬಳಿಗೆ ಬಂದು, ಮುಖ ತನ್ನ ಕಡೆಗೆ ತಿರುಗಿಸಿಕೊಂಡು, ಸೆರಗಿನ ತುದಿಯಿಂದ ಬಾಯಿ ಒರೆಸತೊಡಗಿದಳು. ಕೋದಂಡರಾಮಪ್ಪ ಮಗುವಿನ ಹಾಗೆ ಮುಖ ಕೊಟ್ಟು ಕೂತಿದ್ದ.