ಕಪ್ಪು ಒಂದರ ನಾಂದಿ

ತೂಬಗೆರೆಯ ನಮ್ಮ ನಾಟಕ ಮಂಡಳಿಯಲ್ಲಿ ಪರದೆ ಏಳುವ ಮುನ್ನ ಹಾಡುವ ನಾಂದಿ ಪದ್ಯ ನನ್ನದು. ಹಾರ್ಮೋನಿಯಂ ಮೇಷ್ಟ್ರಾಗಿದ್ದ ಆವಲಪ್ಪನವರು ಕಡೆಗಾಲದಲ್ಲಿ ಅದನ್ನು ನನಗೆ ಒಪ್ಪಿಸಿದರು. ಪದ್ಯದೊಡನೆ ತಮ್ಮ ಶ್ರುತಿಯನ್ನೂ ಒಪ್ಪಿಸಿದರು. ಅದು ಕಪ್ಪು ಒಂದು, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆ. ಗಂಡುದನಿಗೆ ಸಾಕಷ್ಟು ಎತ್ತರದ ಶ್ರುತಿ. ಕಪ್ಪು ಒಂದಕ್ಕೆ ನಿಲ್ಲಲಾರದವನು ನಾಂದಿಯನ್ನು ಬಿಟ್ಟುಕೊಡತಕ್ಕದ್ದು ಎಂಬ ನಿಯಮವನ್ನು ಮಂಡಳಿಯಲ್ಲಿ ಮಾಡಿದವನು ನಾನೇ. ನನ್ನ ನಂತರ ನಾಂದಿ ಸಲ್ಲಬೇಕಾದ ಹಾಡುಗಾರ ಬೈಲಪ್ಪ ಆ ನಿಯಮವನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾನೆ.

ಹಾರ್ಮೋನಿಯಂ ಹೋಗಿ ಕೀಬೋರ್ಡ್ ಬಂದಾಗಲೂ ನಾನು ಶ್ರುತಿ ಬದಲಿಸಲಿಲ್ಲ. ಕೀಬೋರ್ಡ್ ನುಡಿಸುವವನು ನನ್ನ ತಮ್ಮನ ಮಗ ಬೀರೇಶ. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಅವನಿಗೆ ಪಾಳಿಯ ಕೆಲಸ. ತಬಲ ಮುನಿಕೃಷ್ಣನದು. ನನ್ನ ನಾಂದಿಗೆಂದೇ ಮುನಿಕೃಷ್ಣ ಒಂದು ತಬಲವನ್ನು ಬೇರೆ ಇಟ್ಟಿದ್ದಾನೆ. ಪದ್ಯ ಮುಗಿದೊಡನೆ ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಉಳಿದವರ ಹಾಡುಗಳಿಗೆ ಇನ್ನೊಂದನ್ನು ಎತ್ತಿಕೊಳ್ಳುತ್ತಾನೆ. ಇಂಥ ಮರ್ಯಾದೆ ಈ ಕಾಲದಲ್ಲಿ ಅಪರೂಪವೆಂದು ನಾನು ಹಲವರಲ್ಲಿ ಹೇಳಿದ್ದುಂಟು.

ನಾಟಕ ಹತ್ತಿರವಾಗಿದ್ದಾಗ, ಒಂದು ಮಂಗಳವಾರ, ತಾಲೀಮು ಮುಗಿಸಿ ಏಳುವ ಗಡಿಬಿಡಿಯಲ್ಲಿ ಮುನಿಕೃಷ್ಣನ ಕಾಲು ಕೀಬೋರ್ಡಿನ ಅಡಾಪ್ಟರ್ ವೈರಿಗೆ ತೊಡರಿತು. ಹಿಂಬದಿಯಲ್ಲಿ ಪಿನ್ನು ಕೂರುವ ಸಾಕೆಟ್ಟು ಕಿತ್ತು ಒಳಗೆ ಬಿದ್ದಿತು. ಪೆಟ್ಟಿಗೆಯನ್ನು ಅಲ್ಲಾಡಿಸಿದರೆ ಗಲಗಲ ಎನ್ನುತ್ತಿತ್ತು. ಬೀರೇಶನಿಗೆ ಮರುದಿನ ಕೆಲಸವಿತ್ತು. ಆದ್ದರಿಂದ ನಾನೇ ಅದನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ.

ಟಿವಿ, ಮಿಕ್ಸಿಗಳನ್ನು ರಿಪೇರಿ ಮಾಡುವ ಅಶೋಕ ನನ್ನ ಹೊರೆಯನ್ನು ನೋಡಿ, "ಇದೇನ್ ಸಾರ್, ಹೆಣ ಸುತ್ತಿದಂಗೆ ಸುತ್ಕೊಂಡ್ ಬಂದಿದೀರ?" ಎಂದ.

"ಜೀವ ಇದೆ, ಉಸಿರು ನಿಂತಿದೆ ಅಷ್ಟೆ. ಬಿಚ್ಚಿ ನೋಡಪ್ಪ."

ಅವನು ತಿರುಪುಗಳನ್ನು ಬಿಚ್ಚಿ ಹಿಂಬದಿಯ ಮುಚ್ಚಳ ತೆಗೆದ. ಸಾಕೆಟ್ಟಿನ ಕಾಲುಗಳು ಹಸಿರು ಹಲಗೆಯಿಂದ ಕಿತ್ತುಬರುವಾಗ ತಾಮ್ರದ ಒಂದು ಗೆರೆಯನ್ನೂ ಸುಲಿದು ತಂದಿದ್ದವು. ಹೊಸ ಸಾಕೆಟ್ಟಿನ ಕಾಲುಗಳು ಹಳೆಯ ತೂತುಗಳಿಗೆ ಕೂರಲಿಲ್ಲ. ಅಶೋಕ ಅವನ್ನು ಬಗ್ಗಿಸಿ, ಸುಲಿದ ಗೆರೆಗೆ ಬದಲಾಗಿ ತಂತಿಯ ತುಂಡನ್ನಿಟ್ಟು ಬೆಸುಗೆ ಹಾಕಿ, ಸುತ್ತಲೂ ಬಿಸಿ ಅಂಟನ್ನು ತುಂಬಿದ. ಪಿನ್ನು ಚುಚ್ಚಿದೊಡನೆ ಕೀಬೋರ್ಡಿನ ದೀಪ ಹತ್ತಿತು.

ಪರೀಕ್ಷಿಸಲೆಂದು ನಾನು ಕಪ್ಪು ಒಂದನ್ನು ಒತ್ತಿ ಹಿಡಿದು ನಾಂದಿಯನ್ನು ಎತ್ತಿಕೊಂಡೆ. ಮೇಲಿನ ಸ್ಥಾಯಿಗೆ ಏರಬೇಕಾದಲ್ಲಿ ದನಿ ಏರಲಿಲ್ಲ, ಸೀಳಿತು. ಮಿಕ್ಸಿಗಾಗಿ ಕಾದು ನಿಂತಿದ್ದ ಹೆಂಗಸೊಬ್ಬಳು, "ತಾತ, ಒಂಚೂರ್ ನೀರ್ ಕುಡೀರಿ" ಎಂದಳು.

"ಶ್ರುತಿ ಏರಿಸಿಬಿಟ್ಟಿದೀಯಲ್ಲಪ್ಪ," ಎಂದೆ ಅಶೋಕನಿಗೆ.

"ನಾನಾ? ನಾನ್ ಸಾಕೆಟ್ ಹಾಕಿದ್ದು ಸಾರ್. ರಾಗದ್ ತಂಟೆಗೇ ಹೋಗಿಲ್ಲ."

"ಹಳೇ ಸಾಕೆಟ್ ಸಡಿಲವಾಗಿತ್ತು. ಈಗ ಕರೆಂಟು ಬಿಗಿಯಾಗಿ ನುಗ್ತಾ ಇದೆ. ನಲ್ಲಿ ವಾಷರ್ ಹೊಸದು ಹಾಕಿದ್ರೆ ನೀರಿನ ರಭಸ ಹೆಚ್ಚಲ್ವೆ?"

ಅಶೋಕ ತಲೆ ಕೆರೆದುಕೊಂಡ. "ಹಂಗೂ ಇರ್ಬೋದಾ..." ಎನ್ನುತ್ತ ಮೀಟರು ಹಿಡಿದು ನೋಡಿದ. ಮತ್ತೆ ಬಿಚ್ಚಿ ಬೆಸುಗೆಯನ್ನು ಹೊಸದಾಗಿ ಹಾಕಿದ. ಕಡೆಗೆ ವೈರನ್ನೇ ಕಿತ್ತು ಸೆಲ್ಲುಗಳನ್ನು ತುಂಬಿದ. ಕಪ್ಪು ಒಂದು ಅಲ್ಲಾಡದೆ ಅಷ್ಟೇ ಎತ್ತರದಲ್ಲಿ ನಿಂತಿತ್ತು.

"ಸೆಲ್ಲಲ್ಲೂ ಅಷ್ಟೇ ಸಾರ್. ಈಗ ನಂಗೂ ಅನುಮಾನ ಬರ್ತಾ ಐತೆ."

"ಯಾವುದರ ಮೇಲೆ?"

ಅವನು ಆ ಹೆಂಗಸಿನ ಮಿಕ್ಸಿಗೆ ಕೈ ಚಾಚಿದ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ವಯಸ್ಸಾದವನ ದನಿ ಹೋಗುವುದುಂಟು. ಆದರೆ ಸವೆದು ಸವೆದು ಹೋಗುತ್ತದೆ. ಮಂಗಳವಾರ ಪೂರ್ತಿ ಪದ್ಯ ಹಾಡಿದವನ ದನಿ ಬುಧವಾರ ಇಲ್ಲವಾಗುವುದೆಂದರೇನು? ಹೋದದ್ದು ದನಿಯೇ ಆದರೆ ನಾಂದಿ ಬೈಲಪ್ಪನದು. ಕೆಟ್ಟದ್ದು ಪೆಟ್ಟಿಗೆಯಾದರೆ ಅದನ್ನು ರುಜುವಾತು ಮಾಡುವುದು ಹೇಗೆ?

ಮನೆಗೆ ಬಂದವನೇ ಆವಲಪ್ಪನವರ ಶ್ರುತಿಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ. ತಿದಿಯೊತ್ತಿ ಅದರ ಕಪ್ಪು ಒಂದನ್ನು ಬಿಟ್ಟೆ. ಕೀಬೋರ್ಡಿನ ಕಪ್ಪು ಒಂದನ್ನೂ ಹಿಡಿದೆ. ಕೂದಲೆಳೆಯ ಅಂತರವಿರಲಿಲ್ಲ.

ನನ್ನ ಹೆಂಡತಿ ಅಕ್ಕಯಮ್ಮ ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡಳು. "ಎಲ್ಡೂ ಒಂದೇ ತರ ಕೂಗ್ತಾವಲ್ಲ."

"ಅಟ್ಟದ ಮೇಲೆ ಬಿದ್ದಿದ್ದು ಇದೂ ಕೆಟ್ಟಿದೆ."

"ಕೆಡೋದು ಕೆಟ್ಟು, ಎಲ್ಡೂ ಮಾತಾಡ್ಕೊಂಡು ಒಂದೇ ಅಳ್ತೇಲಿ ಕೆಟ್ವಾ?"

ನಾನು ಮೆಣಸಿನ ಕಷಾಯ ಕೇಳಿದೆ.

ಸಂಜೆ ಬೀರೇಶ ಕೊರಳಿನ ಗುರುತುಪಟ್ಟಿಯನ್ನೂ ತೆಗೆಯದೆ ಕೆಲಸದಿಂದ ನೇರವಾಗಿ ಬಂದ. ಹೊಸ ಸಾಕೆಟ್ಟನ್ನು ಅಲುಗಿಸಿ ನೋಡಿ ಮೆಚ್ಚಿದ. ಸ್ವಿಚ್ಚು ಹಾಕಿದವನು, ಹೊಸ್ತಿಲಲ್ಲಿ ಚಪ್ಪಲಿ ಬಿಡುವವನ ಸಹಜತೆಯಿಂದ, ಎಡಗೈ ಹೆಬ್ಬೆರಳಿನಲ್ಲಿ ಒಂದು ಸಣ್ಣ ಗುಂಡಿಯನ್ನು ಮೂರು ಬಾರಿ ಒತ್ತಿ ಕಪ್ಪು ಒಂದನ್ನು ಹಿಡಿದ. "ಹಾಡಿ ದೊಡ್ಡಪ್ಪ."

ಹಾಡಿದೆ. ದನಿ ಮೇಲಿನ ಸ್ಥಾಯಿಗೆ ಹೋಗಿ ನಿಂತಿತು. ನನ್ನ ಸಂತೋಷ ಒಂದು ಸಾಲಿನಷ್ಟು ಹೊತ್ತು ಬಾಳಿತು. ಅಷ್ಟರಲ್ಲಿ ಆ ಹೆಬ್ಬೆರಳು ನೆನಪಿಗೆ ಬಂದಿತು.

"ಆಫ್ ಮಾಡಿ ಮತ್ತೆ ಹಾಕು. ಆ ಗುಂಡಿ ಮುಟ್ಟಬೇಡ."

ಬೀರೇಶ ಹಿಂಜರಿಯುತ್ತ ಹಾಗೆಯೇ ಮಾಡಿದ. ಅಂಗಡಿಯಲ್ಲಿ ಕೇಳಿದ್ದ ದನಿಯೇ ಹೊರಟಿತು.

"ಏನೋ ಅದು ಗುಂಡಿ?"

"ಶ್ರುತಿ ಇಳ್ಸೋದು ದೊಡ್ಡಪ್ಪ. ಬೆರಳು ಕಪ್ಪು ಒಂದ್ರ ಮೇಲೇ ಇರುತ್ತೆ, ದನಿ ಮಾತ್ರ ಕೆಳಗ್ ಬರುತ್ತೆ. ಒಂದ್ಸಲ ಒತ್ತಿದ್ರೆ ಒಂದು ಮನೆ. ಆಫ್ ಮಾಡಿದ್ರೆ ಹೋಗ್ಬಿಡುತ್ತೆ, ಅದ್ಕೆ ಪ್ರತಿ ಸಲ ಒತ್ಕೋತೀನಿ."

"ಯಾವಾಗಿಂದ?"

"ನಾನ್ ಏರ್‌ಪೋರ್ಟಿಗೆ ಸೇರಿದ್ ವರ್ಷ ಒಂದು. ನಿಮ್ಗಾವಾಗ ಕೆಮ್ಮಿತ್ತಲ್ಲ. ವಾಸಿಯಾದ್ಮೇಲೆ ತೆಗೆಯೋಣ ಅಂದ್ಕೊಂಡೆ, ಆಗ್ಲಿಲ್ಲ. ಆಮೇಲ್ ಇನ್ನೊಂದು. ನಿಮ್ ಪದ್ಯ ಆದ್ಮೇಲೆ ವಾಪಸ್ ಏರಿಸ್ಕೋತೀನಿ."

"ಹಾಗಾದರೆ ಮುನಿಕೃಷ್ಣನ ತಬಲ?"

ಬೀರೇಶ ಗುರುತುಪಟ್ಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡ. "ಅದು ಕೆಳಗಿನ್ ಶ್ರುತಿದು."

"ಬೈಲಪ್ಪನಿಗೆ ಗೊತ್ತೆ?"

"ಮೂರ್ನೇದು ಒತ್ತೋಕೆ ಹೇಳಿದ್ದೇ ಬೈಲಪ್ಪಣ್ಣ."

ಅಕ್ಕಯಮ್ಮ ಅವರೆಕಾಯಿಯ ಮೊರವನ್ನೆತ್ತಿಕೊಂಡು ಒಳಗೆ ಹೋದಳು. ನಾಂದಿಗಾಗಿ ಇಷ್ಟು ವರ್ಷ ಕಾದವನು ಅದು ತನ್ನ ಕೈಗೆ ಬೀಳುವ ಸಮಯದಲ್ಲಿ ನನ್ನನ್ನು ಏಕೆ ಎತ್ತಿ ನಿಲ್ಲಿಸಿದ? ಅದು ಗೌರವವೋ, ಕನಿಕರವೋ, ಬೆನ್ನಹಿಂದಿನ ನಗೆಯೋ?

ಈಗೀಗ ನಮ್ಮ ನಾಟಕಗಳು ಹಗಲಿನಲ್ಲೇ ನಡೆಯುತ್ತವೆ. ಶನಿವಾರ ಬೆಳಿಗ್ಗೆ ಬಣ್ಣದ ಕೋಣೆಗೆ ಹೋದಾಗ ಬೈಲಪ್ಪ ಅರ್ಧ ಮುಖಕ್ಕೆ ಬಣ್ಣ ಬಳಿಸಿಕೊಂಡು ಕುಳಿತಿದ್ದ.

"ನಿಯಮದ ಪ್ರಕಾರ ನಾಂದಿ ನಿನ್ನದು ಕಣಯ್ಯ," ಎಂದೆ. "ನಾನು ಕಪ್ಪು ಒಂದಕ್ಕೆ ನಿಲ್ಲಲಾರೆ."

"ಬೀರೇಶನ್ ಬೆರಳು ಎಲ್ಲಿರ್ತದಣ್ಣ?"

"ಕಪ್ಪು ಒಂದರ ಮೇಲೆ."

"ಮತ್ತೆ? ದನಿ ಎಲ್ಲಿರ್ಬೇಕು ಅಂತ ನಿಯಮದಾಗ್ ನೀವು ಹಾಕಿದ್ರಾ? ಹೋಗ್ರಣ್ಣ, ಹಾಡೋಗ್ರಿ. ನಂಗಿನ್ನೂ ಕಿರೀಟ ಕಟ್ಬೇಕು."

ಬಣ್ಣವಿದ್ದ ಅರ್ಧ ಮುಖ ನಗುತ್ತಿತ್ತು. ಇನ್ನರ್ಧ ನಗುತ್ತಿತ್ತೋ ಇಲ್ಲವೋ, ಆ ಕೋಣೆಯ ಬೆಳಕಿನಲ್ಲಿ ನನಗೆ ತಿಳಿಯಲಿಲ್ಲ.

ರಂಗದ ಪಕ್ಕದಲ್ಲಿ ಬೀರೇಶನ ಬಳಿ ಬಾಗಿ, "ಎರಡೇ ಒತ್ತು," ಎಂದೆ.

"ಎರಡಕ್ಕಾಗುತ್ತಾ ದೊಡ್ಡಪ್ಪ?"

"ಎರಡೇ."

ಮುನಿಕೃಷ್ಣ ನನ್ನ ನಾಂದಿಯ ತಬಲವನ್ನು ಬಟ್ಟೆಯಿಂದ ಬಿಚ್ಚಿ, ಅಂಚಿಗೆ ಸುತ್ತಿಗೆಯಿಂದ ತಟ್ಟತೊಡಗಿದ. ಎರಡರ ಶ್ರುತಿಗೆ ಏರಿಸುತ್ತಿದ್ದನೋ, ಏರಿಸುವಂತೆ ತೋರಿಸಿಕೊಳ್ಳುತ್ತಿದ್ದನೋ. ಗುಂಡಿಯ ಸದ್ದನ್ನು ಎಣಿಸಬೇಕೆಂದು ನಾನು ಕಿವಿಗೊಟ್ಟು ನಿಂತೆ. ಅದೇ ಗಳಿಗೆಗೆ ವಿಮಾನವೊಂದು ತಗ್ಗಿ ಇಳಿಯುತ್ತ ನಮ್ಮ ಚಪ್ಪರದ ಮೇಲೆ ಹಾದುಹೋಯಿತು. ಸದ್ದು ಅಡಗುವ ವೇಳೆಗೆ ಬೀರೇಶನ ಬೆರಳು ಕಪ್ಪು ಒಂದರ ಮೇಲಿತ್ತು.

ಹೊರಟ ಶ್ರುತಿ ಎರಡರದೋ ಮೂರರದೋ ಎಂದು ನನ್ನ ಕಿವಿ ಹೇಳಲಿಲ್ಲ. ಜನ ಕಾಯುತ್ತಿದ್ದರು. ಕಣ್ಣು ಮುಚ್ಚಿ ಪದ್ಯವನ್ನು ಎತ್ತಿಕೊಂಡೆ. ಮೇಲಿನ ಸ್ಥಾಯಿ ಬಂದಿತು. ಸ್ವಲ್ಪ ನಡುಗಿ, ದನಿ ಅಲ್ಲೇ ನಿಂತಿತು.