ನಾಲ್ಕನೇ ಮಹಡಿಯ ದೇವರನಾಮ

2008ರ ಅಕ್ಟೋಬರ್ 4, ಶನಿವಾರ, ಸಂಜೆ ಐದಕ್ಕೆ ಎರಡು ನಿಮಿಷ ಬಾಕಿ. ಅಣ್ಣಾ ನಗರದ ತಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಮಾಬಾಯಿ ಹೂವು ಕೊಳ್ಳುತ್ತಿದ್ದರು. ಐದಕ್ಕೆ ಸರಿಯಾಗಿ ಆ ಬೀದಿಯ ಕರೆಂಟ್ ಹೋಗುತ್ತದೆಂದು ಮಾಧವಿ ವಿಚಾರಿಸಿಕೊಂಡೇ ಬಂದಿದ್ದಳು. ನವರಾತ್ರಿಯಲ್ಲಿ ಅರಿಸಿನ-ಕುಂಕುಮಕ್ಕೆ ಬಂದವಳನ್ನು ಯಾರೂ ಬೇಡವೆನ್ನುವುದಿಲ್ಲ.

ಹತ್ತು ವರ್ಷದ ಹಿಂದೆ, ಇದೇ ಗೊಂಬೆಹಬ್ಬದ ನೆವದಲ್ಲಿ, ಮಗನಿಗೆ ಹೆಣ್ಣು ನೋಡಲೆಂದು ರಮಾಬಾಯಿ ಅವಳನ್ನು ಕರೆಸಿದ್ದರು. ಅಂದು ಲಿಫ್ಟ್ ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿ ಬಂದವಳಿಂದ ಕೂತ ತಕ್ಷಣ ದೇವರನಾಮ ಹಾಡಿಸಿದರು. ಪಲ್ಲವಿಯಲ್ಲೇ ಉಸಿರು ಕಡಿಯಿತು. "ಪಾಪ, ಹುಡುಗಿಗೆ ಉಬ್ಬಸ ಇದೆಯೇನೋ," ಎಂದರು ನೆರೆದ ಹೆಂಗಸರ ಎದುರೇ. ಮಠದಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಆ ಮಾತು ಓಡಾಡಿತು. ಆಮೇಲೆ ಬಂದ ಸಂಬಂಧಗಳೆಲ್ಲ ಅದನ್ನು ಕೇಳಿಯೇ ಹಿಂದೆ ಸರಿದವು.

ಆ ಮಾತನ್ನು ಅದೇ ಹೆಂಗಸರ ಎದುರು ಹಿಂದಿರುಗಿಸಬೇಕು. ಮಾಧವಿಗೆ ಬೇಕಾದದ್ದು ಅಷ್ಟೇ. ಕಾಲೇಜಿನಲ್ಲಿ ಶರೀರವಿಜ್ಞಾನ ಕಲಿಸುವ ಅವಳು ಬೆಳಗಿನ ಹೊತ್ತು ಪಾರ್ಕಿನಲ್ಲಿ ಓಡತೊಡಗಿದಳು. ಮೊದಮೊದಲು ಮೀನಖಂಡ ನೋಯುತ್ತಿತ್ತು, ಪಕ್ಕೆ ಹಿಡಿಯುತ್ತಿತ್ತು. ಬರಬರುತ್ತ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುವುದನ್ನು ಕಲಿಯಿತು; ನಾಡಿ ನಿಧಾನವಾಯಿತು, ಏದುಸಿರು ಬೇಗ ಇಳಿಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಅಯ್ಯೋ ರಾಮಾ, ಲಿಫ್ಟ್ ನಿಂತುಹೋಯ್ತಲ್ಲಮ್ಮಾ!" ಐದಕ್ಕೆ ಕರೆಂಟ್ ಹೋದೊಡನೆ ರಮಾಬಾಯಿ ಅಂದರು.

"ಹತ್ತೇಬಿಡೋಣ ಮಾಮಿ. ಮಗನಿಗೆ ಪ್ರಮೋಷನ್ ಆಯ್ತಂತಲ್ಲ, ಹೇಳಿ."

ಮಗನ ಮಾತೆತ್ತಿದರೆ ರಮಾಬಾಯಿ ನಿಲ್ಲಿಸುವವರಲ್ಲ. ಹತ್ತುತ್ತ ಮಾತಾಡಿದರೆ ಉಸಿರು ಸಾಲದೆ ಬರುತ್ತದೆ. ಮಾಧವಿ ಒಂದೊಂದು ತಿರುವಿನಲ್ಲೂ ಹೊಸ ಪ್ರಶ್ನೆ ಹಾಕಿದಳು. ಸೊಸೆಯ ಸಮಾಚಾರ ಒಂದು ಇಡೀ ಮಹಡಿಗೆ ಬಂತು. ಕೊನೆಯ ಮಹಡಿಗೆ ರಮಾಬಾಯಿಗೆ ಕೈಸನ್ನೆಯಷ್ಟೇ ಉಳಿದಿತ್ತು.

ಬಾಗಿಲಲ್ಲಿ ಮಾಧವಿ ಸೆರಗಿನ ಮರೆಯಲ್ಲಿ ತನ್ನ ನಾಡಿ ಹಿಡಿದು ನೋಡಿದಳು: ನೂರ ಎಂಟು.

"ಬಾಮ್ಮಾ, ಒಂದು ಹಾಡು ಹೇಳು," ಎಂದರು ಒಳಗೆ ಹೆಂಗಸರ ಜೊತೆಗಿದ್ದ ವಾಸಂತಿ ಮಾಮಿ. ಅಂದೂ ಅವರು ಅಲ್ಲೇ ಕೂತಿದ್ದರು.

ಮಾಧವಿ ಅದೇ ದೇವರನಾಮದ ಪಲ್ಲವಿಯನ್ನು ಒಂದೇ ಉಸಿರಿಗೆ ಹಾಡಿ ರಮಾಬಾಯಿಯತ್ತ ತಿರುಗಿದಳು. "ಚರಣ ನೀವು ಎತ್ತಿಕೊಳ್ಳಿ ಮಾಮಿ. ಅವತ್ತು ನೀವು ಹಾಡಿಸಿದ್ದೇ ಇದು."

ಎಲ್ಲರೂ ತಿರುಗಿ ನೋಡಿದರು. ರಮಾಬಾಯಿ ಬಾಯಿ ತೆರೆದರು. ಒಂದು ಪದ ಬಂತು. ಆಮೇಲೆ ಬರೀ ಗಾಳಿ.

"ಪಾಪ," ಎಂದಳು ಮಾಧವಿ, ಎಲ್ಲರಿಗೂ ಕೇಳುವಂತೆ. "ಮಾಮಿಗೆ ಉಬ್ಬಸ ಇದೆಯೇನೋ."

"ಏನೇ ರಮಾ, ಇವಳಿಗೆ ಉಬ್ಬಸ ಅಂತ ಊರೆಲ್ಲ ಹೇಳ್ಕೊಂಡ್ ಬಂದ್ಯಲ್ಲೇ!" ವಾಸಂತಿ ಮಾಮಿ ನಕ್ಕರು, ಉಳಿದವರೂ ನಕ್ಕರು. ರಮಾಬಾಯಿ ಮಡಿಲಲ್ಲಿದ್ದ ಹೂವನ್ನೇ ನೋಡುತ್ತ ಕೂತರು.

ಮಾಧವಿ ಚಾಪೆಯ ಮೇಲೆ ಕೂತು ಮತ್ತೆ ನಾಡಿ ಹಿಡಿದಳು. ಇಷ್ಟು ಹೊತ್ತಿಗೆ ಅದು ಎಂಬತ್ತಕ್ಕೆ ಇಳಿದಿರಬೇಕಿತ್ತು. ಗಡಿಯಾರ ನೋಡಿ ಇಡೀ ಒಂದು ನಿಮಿಷ ಎಣಿಸಿದಳು.

ನೂರ ಮೂವತ್ತೆರಡು.